ಹಿತ್ತಲಿನ ಸಾಮಾನು ಕೋಣೆಯ ಗೋಡೆ: ಎಷ್ಟು ಮೆತ್ತಿದರೂ ಮತ್ತೆ ಬಾಯಿ ಬಿಡುತ್ತಿದೆ

ಪ್ರಶ್ನೆ:
ಮನೆ ಹಿಂದೆ ಎಂಟಡಿಗೆ ಹತ್ತಡಿ ಕೋಣೆ, ಇಟ್ಟಿಗೆ ಗೋಡೆ, ಮೇಲೆ ತಗಡು. ಹಿಂದಿನ ಮೂಲೆ ಹತ್ತಿರ ಬಿರುಕು ಬಂದಿದೆ. ನೆಟ್ಟಗಿಲ್ಲ, ಗಾರೆ ಸಂದಿನಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆ. ಬುಡದಲ್ಲಿ ಕೂದಲೆಳೆಯಷ್ಟು, ಮೇಲೆ ಸುಮಾರು 4 ಮಿ.ಮೀ. ಎರಡು ಸಲ ಸಿಮೆಂಟ್ ಮೆತ್ತಿದೆ. ಮಳೆ ನಿಂತು ಬಿಸಿಲು ಬಿದ್ದದ್ದೇ ತಡ, ಪಕ್ಕದಲ್ಲೇ ಹೊಸ ಬಿರುಕು. ಕೆಡವಲೇಬೇಕಾ? ಮನಸ್ಸಿಲ್ಲ, ನಾನೇ ಕೈಯಾರೆ ಕಟ್ಟಿದ್ದು. ಪಾಯ ಎಷ್ಟು ಆಳ ಅಂತ ಮಾತ್ರ ಕೇಳಬೇಡಿ.

ಉತ್ತರ 1:
ಅದನ್ನೇ ಕೇಳಬೇಕಿತ್ತು! ಎಷ್ಟು ಆಳ? ಮಣ್ಣು ಎಂಥದ್ದು? ಹತ್ತಿರ ಮರ ಇದೆಯಾ?

ಪ್ರಶ್ನೆ ಕೇಳಿದವರು:
ಒಂದಡಿಯೂ ಇಲ್ಲ. ಜೇಡಿಮಣ್ಣು. ಮರ ಇಲ್ಲ, ಆದರೆ ತಗಡಿನ ನೀರೆಲ್ಲ ಅದೇ ಮೂಲೆಗೆ ಸುರಿಯುತ್ತೆ.

ಉತ್ತರ 2:
ಸಿಕ್ಕಿಬಿದ್ದ ಕಳ್ಳ! ಜೇಡಿಮಣ್ಣು ನೀರು ಕುಡಿದು ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ, ತೆಳು ಪಾಯ ಅದರ ಜೊತೆ ಕುಣಿಯುತ್ತೆ. ಬಿರುಕು ಮೇಲೆ ಅಗಲ ಅಂದರೆ ಮೂಲೆ ಕೆಳಗಿಳಿದು ಹೊರಕ್ಕೆ ತಿರುಗುತ್ತಿದೆ. ಮೊದಲು ನೀರಿಗೆ ಮದ್ದು ಮಾಡಿ: ಸೂರಿಗೆ ದೋಣಿ (ನೀರು ಹಿಡಿಯುವ ಉದ್ದನೆ ಕಾಲುವೆ) ಕಟ್ಟಿ ಪೈಪಲ್ಲಿ ದೂರ ಬಿಡಿ, ಗೋಡೆ ಬುಡದ ನೆಲ ಹೊರಕ್ಕೆ ಇಳಿಜಾರಿರಲಿ.

ಆಮೇಲೆ ಸುಮ್ಮನೆ ಕಾಯಿರಿ. ಬಿರುಕಿನ ಎರಡೂ ಕಡೆ ಪೆನ್ಸಿಲ್ ಗೆರೆ ಎಳೆದು ತಾರೀಖು ಹಾಕಿ, ತಿಂಗಳಿಗೊಮ್ಮೆ ಅಂತರ ಅಳೆಯಿರಿ, ಪೂರ್ತಿ ಒಂದು ವರ್ಷ. ನಮ್ಮ ಪಂಪ್ ಶೆಡ್ಡಿನ ಗೆರೆಗಳನ್ನು ನೋಡಿ ನೆಂಟರು ಮಗಳ ಎತ್ತರ ಅಳೆದದ್ದು ಅಂದುಕೊಂಡಿದ್ದಾರೆ.

ಅಲುಗಾಟ ನಿಂತ ಮೇಲೆ ಸಂದನ್ನು 25 ಮಿ.ಮೀ. ಆಳ ಕೆರೆದು, ಧೂಳು ತೆಗೆದು, ನೀರು ಚಿಮುಕಿಸಿ ಗಾರೆ ತುಂಬಿ. ಒಂದು ಪಾಲು ಸಿಮೆಂಟ್, ಒಂದು ಸುಣ್ಣ, ಆರು ಮರಳು. ಗಟ್ಟಿಯಾಗಲಿ ಅಂತ ಸಿಮೆಂಟ್ ಸುರಿಯಬೇಡಿ. ನೀವು ಮೆತ್ತಿದ್ದು ಇಟ್ಟಿಗೆಗಿಂತ ಗಟ್ಟಿಯಾಗಿತ್ತು, ಗೋಡೆ ಮಾತ್ರ ಅಲುಗುತ್ತಲೇ ಇತ್ತು, ಬಿರುಕು ಪಕ್ಕದ ದಾರಿ ಹಿಡಿಯಿತು. ಇಟ್ಟಿಗೆಗಳೇ ಸೀಳಿದ್ದರೆ ಇಟ್ಟಿಗೆಯ ಕೆಲವು ಸಾಲಿಗೊಂದರಂತೆ ಸಂದಿನೊಳಗೆ 6 ಮಿ.ಮೀ. ಸ್ಟೇನ್‌ಲೆಸ್ ತಿರುಚು ಸರಳು ಕೂರಿಸಬೇಕು, ಬಿರುಕಿನ ಆಚೀಚೆ ಅರ್ಧರ್ಧ ಮೀಟರ್.

ಉತ್ತರ 3:
ಇದೆಲ್ಲಕ್ಕೂ ಮುಂಚೆ ಗೋಡೆ ನೆಟ್ಟಗಿದೆಯಾ ಅಂತ ತೂಗುಗುಂಡು ಬಿಟ್ಟು ನೋಡಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಅಥವಾ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಒಳಗೆ ಹೋಗಬೇಡಿ, ಇಂಜಿನಿಯರ್ ಕರೆಸಿ.

ಪ್ರಶ್ನೆ ಕೇಳಿದವರು:
ಬಿಟ್ಟು ನೋಡಿದೆ. ಹೊಟ್ಟೆ ಇಲ್ಲ, ಬಾಗಿಲೂ ಸಲೀಸು. ಮೇಲಿಂದ ಕೆಳಕ್ಕೆ 6 ಮಿ.ಮೀ. ವಾಲಿದೆ. ಅದು ಪಾಯದ್ದೋ, ಅವತ್ತು ಕಟ್ಟಿದವನ ಕೈಯದ್ದೋ, ಹೆಂಡತಿ ಆಗಲೇ ತೀರ್ಪು ಕೊಟ್ಟಾಯ್ತು. ನಾಳೆ ದೋಣಿ ತರ್ತೀನಿ.