ಎಲ್‌ಪಿ ರೆಕಾರ್ಡ್‌ಗಳ ಸಂಗ್ರಹ: ಡಿಜಿಟಲ್ ಸಂಗೀತ ಇರುವಾಗ ಅದಕ್ಕೆ ಹಣ ಹಾಕುವುದು ಸರಿಯೇ?

ಪ್ರಶ್ನೆ: ಮೈಸೂರಿನ ಕೇಳುಗ

ಎಲ್ಲರಿಗೂ ನಮಸ್ಕಾರ. ನಾನು ಹೆಚ್ಚಾಗಿ ಕೇಳುವುದು ಹಿಂದೂಸ್ತಾನಿ ಗಾಯನ ಮತ್ತು 1960–70ರ ದಶಕಗಳ ಕನ್ನಡ ಚಿತ್ರಗೀತೆಗಳನ್ನು. ಇಲ್ಲಿಯವರೆಗೆ ಚಂದಾ ಕಟ್ಟಿ ಮೊಬೈಲಿನಲ್ಲೇ ಕೇಳುತ್ತಿದ್ದೆ. ಈಗ ಮನೆ ಬದಲಿಸುತ್ತಿರುವ ಪರಿಚಿತರೊಬ್ಬರು ತಮ್ಮಲ್ಲಿರುವ ಎಲ್‌ಪಿ (ಹೆಚ್ಚು ಹೊತ್ತು ನುಡಿಯುವ ದೊಡ್ಡ ತಟ್ಟೆ), ಇಪಿ (ಕೆಲವೇ ಹಾಡುಗಳ ಚಿಕ್ಕ ತಟ್ಟೆ) ಮತ್ತು ಕೆಲವು 78ರ ವೇಗದ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೆಯ ತಟ್ಟೆಗಳ ಪೆಟ್ಟಿಗೆಯನ್ನು ಕೊಡುವುದಾಗಿ ಹೇಳಿದ್ದಾರೆ. ಅವನ್ನು ನುಡಿಸಬೇಕಾದರೆ ಟರ್ನ್‌ಟೇಬಲ್, ಆಂಪ್ಲಿಫೈಯರ್, ಸ್ಪೀಕರ್ ಎಲ್ಲವನ್ನೂ ಕೊಳ್ಳಬೇಕು; ಒಮ್ಮೆ ಕೊಂಡರೆ ಹೊಸ ರೆಕಾರ್ಡ್‌ಗಳನ್ನು ಸೇರಿಸುವ ಆಸೆಯೂ ಹುಟ್ಟೀತು. ರೆಕಾರ್ಡಿನ ಧ್ವನಿಗೆ ಡಿಜಿಟಲ್‌ನಲ್ಲಿ ಸಿಗದ ಮಾಧುರ್ಯವಿದೆ ಎಂಬ ಮಾತು ನಿಜವೇ, ಈ ಖರ್ಚು ತಕ್ಕದ್ದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ಧ್ವನಿಮುದ್ರಣ ಕೆಲಸದವನು

ಧ್ವನಿಯ ಗುಣಮಟ್ಟವೊಂದೇ ಕಾರಣವಾಗಿದ್ದರೆ ದಯವಿಟ್ಟು ಕೊಳ್ಳಬೇಡಿ. 1982ರಲ್ಲಿ ಬಂದ ಸಿಡಿಯಲ್ಲಿ ಅತಿ ಮೆಲುದನಿಗೂ ಅತಿ ಜೋರು ದನಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರವನ್ನು ಹಿಡಿದಿಡಬಹುದು. ಚೆನ್ನಾಗಿ ಅಚ್ಚಾದ ಎಲ್‌ಪಿಯಲ್ಲೂ ಇದು 70ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದಕ್ಕಿಂತ ಮುಖ್ಯವಾದದ್ದು, ತಾವು ಕೇಳುವ ಸಂಗೀತಕ್ಕೇ ತಟ್ಟೆಯ ದೋಷಗಳು ಹೆಚ್ಚು ತೊಂದರೆ ಕೊಡುತ್ತವೆ ಎಂಬುದು. ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಪ್ರತಿ ಸುತ್ತಿಗೊಮ್ಮೆ ಶ್ರುತಿ ಏರಿಳಿಯುತ್ತದೆ. ಡ್ರಮ್ಸ್ ಮತ್ತು ಗಿಟಾರುಗಳ ಗದ್ದಲದಲ್ಲಿ ಇದು ಗೊತ್ತಾಗದೇ ಹೋಗಬಹುದು, ಆದರೆ ತಂಬೂರಿ ಎಡೆಬಿಡದೆ ಮಿಡಿಯುತ್ತಿರುವಾಗ ಕಿವಿಗೆ ಚುಚ್ಚುತ್ತದೆ.

ಇನ್ನೊಂದು ತೊಡಕು ತಟ್ಟೆಯ ರಚನೆಯಲ್ಲೇ ಇದೆ. ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯ ಹೊರ ಅಂಚಿನಲ್ಲಿ, ಧ್ವನಿಯನ್ನು ಓದುವ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಉದ್ದದ, ಧ್ವನಿ ಕೊರೆದ ಗೀರು ಹಾದುಹೋಗುತ್ತದೆ. ಲೇಬಲ್ಲಿನ ಹತ್ತಿರಕ್ಕೆ ಬರುವಾಗ ಅದು 20ರಷ್ಟಕ್ಕೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕಾದ್ದರಿಂದ ಒಳಸುತ್ತುಗಳಲ್ಲಿ ಧ್ವನಿ ಒರಟಾಗುತ್ತದೆ. ನಮ್ಮ ಸಂಗೀತವಾದರೋ ನಿಧಾನಗತಿಯ ವಿಲಂಬಿತದಿಂದ ಆರಂಭವಾಗಿ ವೇಗದ ದ್ರುತದಲ್ಲಿ, ತಾನಗಳ ಸುರಿಮಳೆಯಲ್ಲಿ ಮುಗಿಯುವಂಥದ್ದು. ಅಂದರೆ ಅತ್ಯಂತ ವೇಗದ, ಅತ್ಯಂತ ಜೋರಾದ ಭಾಗವೇ ತಟ್ಟೆಯ ಅತ್ಯಂತ ಕೆಟ್ಟ ಜಾಗಕ್ಕೆ ಬೀಳುತ್ತದೆ.

ಈಗ ಮಾರುಕಟ್ಟೆಗೆ ಬರುತ್ತಿರುವ ಅನೇಕ ಹೊಸ ಎಲ್‌ಪಿಗಳನ್ನು ಡಿಜಿಟಲ್ ಕಡತದಿಂದಲೇ ಕೊರೆದಿರುತ್ತಾರೆ ಎಂಬುದನ್ನೂ ನೆನಪಿಡಿ. ಅಮೆರಿಕದಲ್ಲಿ 2022ರಲ್ಲಿ ಎಲ್‌ಪಿಗಳು ಸಿಡಿಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು; 1987ರ ನಂತರ ಹಾಗಾದದ್ದು ಅದೇ ಮೊದಲು. ಅದು ಜನರ ಒಲವನ್ನು ತೋರಿಸುತ್ತದೆಯೇ ಹೊರತು ಧ್ವನಿಯ ಶ್ರೇಷ್ಠತೆಯನ್ನಲ್ಲ.

ಉತ್ತರ 2: ಹುಬ್ಬಳ್ಳಿಯ ಸಂಗ್ರಾಹಕ

ಮೇಲಿನವರು ಧ್ವನಿಯ ಬಗ್ಗೆ ಹೇಳಿದ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರ ಹೋಲಿಕೆ ನಿಲ್ಲುವುದು ಒಂದೇ ಮುದ್ರಣ ಎರಡೂ ರೂಪದಲ್ಲಿ ಸಿಗುವಾಗ ಮಾತ್ರ. ನಮ್ಮ ಪ್ರಾಂತ್ಯದ ಸಂಗೀತದ ಮಟ್ಟಿಗೆ ಹಾಗೆ ಸಿಗದಿರುವುದೇ ಹೆಚ್ಚು. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ ತಟ್ಟೆಗಳಿವೆ. ಗಂಟಲಿನ ಶಸ್ತ್ರಚಿಕಿತ್ಸೆಗೆ ಮುಂಚಿನ ಆ ತೆಳುವಾದ ಎತ್ತರದ ಕಂಠವನ್ನು ಕೇಳದವರಿಗೆ, ನಂತರದ ಗಂಭೀರ ಧ್ವನಿಯೂ ಅವರದ್ದೇ ಎಂದರೆ ನಂಬುವುದು ಕಷ್ಟ. ನಾಟಕ ಕಂಪನಿಗಳ ರಂಗಗೀತೆಗಳು, ಹೆಸರೇ ಮರೆತುಹೋದ ಗಾಯಕಿಯರ ಜಾವಳಿಗಳು ಎಷ್ಟೋ ಇನ್ನೂ 78ರ ವೇಗದ ಅರಗಿನ ತಟ್ಟೆಗಳಲ್ಲೇ ಉಳಿದಿವೆ. ತಮ್ಮ ಮೈಸೂರಿನಲ್ಲೇ 1930ರಲ್ಲಿ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರು 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದು ಇಂದು ನಮಗೆ ಕೇಳಿಸುತ್ತಿದ್ದರೆ, ಅದು ಯಾರೋ ಸಂಗ್ರಾಹಕರು ತಟ್ಟೆಯನ್ನು ಒಡೆಯಗೊಡದೆ ಕಾಪಾಡಿದ್ದರಿಂದ.

ಚಿತ್ರಗೀತೆಗಳ ವಿಷಯದಲ್ಲಿ ನನ್ನ ಆಕ್ಷೇಪ ಬೇರೆ. ಮೊಬೈಲಿನಲ್ಲಿ ಗೀತರಚನಕಾರರ ಹೆಸರನ್ನು ಹುಡುಕಿ ನೋಡಿ. ಇರುವುದಿಲ್ಲ, ಇದ್ದರೆ ಕೆಲವೊಮ್ಮೆ ತಪ್ಪಿರುತ್ತದೆ. ಇಪಿಯ ಹೊದಿಕೆಯ ಮೇಲೆ ಅದನ್ನು ಅಚ್ಚು ಹಾಕಿರುತ್ತಾರೆ. ಪರವಾನಗಿ ಮುಗಿದ ಹಾಡು ಒಂದು ಬೆಳಿಗ್ಗೆ ಪಟ್ಟಿಯಿಂದಲೇ ಮಾಯವಾಗುವುದನ್ನೂ ನಾವೆಲ್ಲ ಕಂಡಿದ್ದೇವೆ.

ಹಾಗೆಂದು ಎರಡು ಮೂರು ಸಾವಿರ ರೂಪಾಯಿ ಕೊಟ್ಟು ಮರುಮುದ್ರಿತ ಎಲ್‌ಪಿಗಳನ್ನು ತರಿಸಿಕೊಳ್ಳುವುದನ್ನು ನಾನು ಸಂಗ್ರಹ ಎನ್ನುವುದಿಲ್ಲ, ಅದು ಶೋಕಿ. ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲೋ ಮುಂಬೈಯ ಚೋರ್ ಬಜಾರಿನಲ್ಲೋ ಬೇರೆಲ್ಲೂ ಸಿಗದ ತಟ್ಟೆಯನ್ನು ಹುಡುಕಿ ತೆಗೆಯುವುದಾದರೆ ಹಣ ಹಾಕಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹೊಸ ರೆಕಾರ್ಡ್‌ಗಳ ಯೋಚನೆಯನ್ನು ಬಿಟ್ಟು, ಪೆಟ್ಟಿಗೆಯಲ್ಲಿರುವುದನ್ನು ಮಾತ್ರ ಉಳಿಸಿಕೊಂಡು ಡಿಜಿಟಲ್‌ಗೆ ಇಳಿಸುವುದಾದರೆ ಏನೇನು ಬೇಕಾಗುತ್ತದೆ? 78ರ ತಟ್ಟೆಗಳ ಮೇಲೆ ಬೂಷ್ಟು ಹಿಡಿದಿದೆ. ಸ್ಪಿರಿಟ್ಟಿನಿಂದ ಒರೆಸಬಹುದೇ?

ಉತ್ತರ 3: ಧ್ವನಿಮುದ್ರಣ ಕೆಲಸದವನು

ಸ್ಪಿರಿಟ್ಟನ್ನು ಖಂಡಿತ ಮುಟ್ಟಿಸಬೇಡಿ. 78ರ ತಟ್ಟೆಗಳಲ್ಲಿ ಹೆಚ್ಚಿನವು ಅರಗಿನಿಂದ ಮಾಡಿದವು, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಬೂಷ್ಟಿನ ಜೊತೆ ಹಾಡೂ ಹೋಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಸೌಮ್ಯವಾದ ಸೋಪಿನ ದ್ರಾವಣ ಸೇರಿಸಿ, ಮೆತ್ತನೆಯ ಬಟ್ಟೆಯಿಂದ ಗೀರಿನ ದಿಕ್ಕಿನಲ್ಲೇ ಒರೆಸಿ, ಲೇಬಲ್ಲು ನೆನೆಯದಂತೆ ನೋಡಿಕೊಂಡು ಕೂಡಲೇ ಒಣಗಿಸಿ.

ಟರ್ನ್‌ಟೇಬಲ್ಲಿನಲ್ಲಿ 78ರ ವೇಗವಿದೆಯೇ ಎಂದು ಮೊದಲೇ ವಿಚಾರಿಸಿ, ಏಕೆಂದರೆ ಈಗಿನ ಎಷ್ಟೋ ಮಾದರಿಗಳಲ್ಲಿ 33 ಮತ್ತು 45 ಮಾತ್ರ ಇರುತ್ತವೆ. ಮುಳ್ಳು ಕೂಡ ಬೇರೆಯೇ ಬೇಕು: ಎಲ್‌ಪಿಯ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್), 78ರದ್ದು 75ರಷ್ಟು. ಎಲ್‌ಪಿಯ ಮುಳ್ಳನ್ನು 78ರ ಅಗಲವಾದ ಗೀರಿಗೆ ಇಳಿಸಿದರೆ ಅದು ತಳದಲ್ಲಿ ಕೂತ ಧೂಳನ್ನೇ ಓದುತ್ತದೆ. ಕಂಪ್ಯೂಟರಿಗೆ ಜೋಡಿಸುವ ಮುನ್ನ ಫೋನೋ ಪ್ರಿಆಂಪ್ ಇರಲೇಬೇಕು. ತಟ್ಟೆ ಕೊರೆಯುವಾಗ ತಗ್ಗಿಸಿದ ಮಂದ್ರ ಸ್ವರಗಳನ್ನು ಮರಳಿ ಏರಿಸುವುದು ಅದರ ಕೆಲಸ. ತೀರಾ ಹಳೆಯ ತಟ್ಟೆಗಳು ಸರಿಯಾಗಿ 78ರ ವೇಗದಲ್ಲಿ ಮುದ್ರಣವಾಗಿಲ್ಲದಿರುವುದೂ ಉಂಟು, ಹಾರ್ಮೋನಿಯಂ ಇಟ್ಟುಕೊಂಡು ಶ್ರುತಿ ನೋಡುವುದು ಒಳ್ಳೆಯದು. ಗೊರಗೊರ ಸದ್ದನ್ನು ತೆಗೆಯುವ ತಂತ್ರಾಂಶವನ್ನು ಮೂಲ ಪ್ರತಿಯ ಮೇಲೆ ಓಡಿಸಬೇಡಿ, ಬೇರೆ ಪ್ರತಿ ಮಾಡಿಕೊಳ್ಳಿ.

ಲೇಬಲ್ಲಿನ ಪಕ್ಕದ ನಯವಾದ ಭಾಗದಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಕಡತದ ಹೆಸರಿನಲ್ಲೇ ಸೇರಿಸಿ. ಮುದ್ರಣದ ಕಾಲವನ್ನು ಮುಂದೆ ಪತ್ತೆ ಹಚ್ಚಲು ಅದು ಬೇಕಾಗುತ್ತದೆ. ಹಂಚಿಕೊಳ್ಳುವ ಉದ್ದೇಶವಿದ್ದರೆ, ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತ ಸಂಯೋಜನೆಯ ಹಕ್ಕುಗಳ ಲೆಕ್ಕ ಬೇರೆ, ಅವನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.