ಖಚಿತವಿಲ್ಲದ ಅನುಮಾನವನ್ನು ಫಾರ್ಮಸಿಸ್ಟ್ ವರದಿ ಮಾಡಬಹುದೇ?

ಪ್ರಶ್ನೆ

ನಾನು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಫಿಟ್ಸ್‌ಗೆಂದು ಕಾರ್ಬಮಜೆಪಿನ್ ಆರಂಭಿಸಿದ್ದ ರೋಗಿಯೊಬ್ಬರಿಗೆ ಮೂರನೆಯ ವಾರ ಜ್ವರದ ಜೊತೆಗೆ ಮೈತುಂಬ ದದ್ದು ಎದ್ದಿತು. ವೈದ್ಯರು ಮಾತ್ರೆಯನ್ನು ನಿಲ್ಲಿಸಿದರು. ಆದರೆ ಅದಕ್ಕೆ ನಾಲ್ಕು ದಿನ ಮೊದಲು ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಕೂಡ ಶುರುವಾಗಿತ್ತು. ವೈರಸ್ ಸೋಂಕೂ ಇರಬಹುದೆಂಬುದು ವೈದ್ಯರ ಅಭಿಪ್ರಾಯ. ಕಾರಣ ಇದೇ ಎಂದು ಹೇಳಲಾಗದಿದ್ದಾಗ ಔಷಧದ ಅಡ್ಡಪರಿಣಾಮವೆಂದು ವರದಿ ಕಳಿಸುವುದು ಸರಿಯೇ? ಔಷಧ ಬರೆದವರು ವೈದ್ಯರು, ಕೊಟ್ಟವರು ದಾದಿಯರು. ನಡುವೆ ನಾನು ನಮೂನೆ ತುಂಬಿದರೆ ಅದು ಅವರ ಮೇಲಿನ ದೂರಿನಂತೆ ಕಾಣುವುದಿಲ್ಲವೇ?

ಉತ್ತರ 1

ವರದಿಗೆ ಅನುಮಾನವೇ ಸಾಕು, ರುಜುವಾತು ಬೇಕಿಲ್ಲ. ಗುರುತಿಸಬಹುದಾದ ಒಬ್ಬ ರೋಗಿ, ವರದಿ ಮಾಡುವ ಒಬ್ಬ ವ್ಯಕ್ತಿ, ಅನುಮಾನದ ಔಷಧ, ಕಂಡುಬಂದ ಪರಿಣಾಮ, ಈ ನಾಲ್ಕಿದ್ದರೆ ವರದಿ ಸ್ವೀಕಾರಾರ್ಹ. ರೋಗಿಯ ಹೆಸರನ್ನು ಬರೆಯಬೇಕಾಗಿಲ್ಲ. ಹೆಸರಿನ ಮೊದಲಕ್ಷರಗಳು, ವಯಸ್ಸು, ಲಿಂಗ ಇದ್ದರೆ ಆಯಿತು. ಗರ್ಭಿಣಿಯರು ತೆಗೆದುಕೊಂಡಾಗ ಶಿಶುಗಳು ಅಂಗವೈಕಲ್ಯದೊಡನೆ ಹುಟ್ಟಲು ಕಾರಣವಾದ ಥಾಲಿಡೊಮೈಡ್ ಔಷಧದ ಕುರಿತು 1961ರಲ್ಲಿ ಡಾ. ವಿಲಿಯಂ ಮ್ಯಾಕ್‌ಬ್ರೈಡ್ ಲ್ಯಾನ್ಸೆಟ್ ಪತ್ರಿಕೆಗೆ ಬರೆದದ್ದು ಒಂದು ಪುಟ್ಟ ಪತ್ರ. ಇಂಥ ಶಿಶುಗಳನ್ನು ಬೇರೆಯವರೂ ಕಂಡಿದ್ದಾರೆಯೇ ಎಂದು ಕೇಳಿ ಅದು ಮುಗಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಆರಂಭಿಸಿದ, ಔಷಧಗಳ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ವ್ಯವಸ್ಥೆಯೂ ಇದೇ ತರ್ಕದ ಮೇಲೆ ನಿಂತಿದೆ. ಸದಸ್ಯ ದೇಶಗಳ ಕೇಂದ್ರಗಳಿಂದ ಸ್ವೀಡನ್‌ನ ಉಪ್ಸಲಾದಲ್ಲಿರುವ ದತ್ತಸಂಚಯಕ್ಕೆ ವರದಿಗಳು ಸೇರುತ್ತವೆ, ಒಂಟಿಯಾಗಿ ಏನನ್ನೂ ಹೇಳದ ಪ್ರಕರಣಗಳು ಅಲ್ಲಿ ಒಟ್ಟುಗೂಡಿದಾಗ ಸುಳಿವಾಗುತ್ತವೆ. ವರದಿ ಯಾರ ಮೇಲಿನ ದೂರೂ ಅಲ್ಲ. ಅಡ್ಡಪರಿಣಾಮಗಳನ್ನು ವರದಿ ಮಾಡುವ ಬ್ರಿಟನ್ನಿನ ಹಳದಿ ಕಾರ್ಡ್ ವ್ಯವಸ್ಥೆ 1964ರದ್ದು. ಆಸ್ಪತ್ರೆಯ ಫಾರ್ಮಸಿಸ್ಟರಿಗೆ ಅದರಲ್ಲಿ ವರದಿ ಮಾಡುವ ಅವಕಾಶ ಸಿಕ್ಕಿದ್ದು 1997ರಲ್ಲಿ. ವರದಿ ಫಾರ್ಮಸಿಸ್ಟರ ಕೆಲಸವಲ್ಲವೇನೋ ಎಂಬ ನಿಮ್ಮ ಹಿಂಜರಿಕೆಯ ಬೇರು ಎಲ್ಲಿದೆಯೆಂದು ಇದರಿಂದಲೇ ತಿಳಿಯುತ್ತದೆ.

ಉತ್ತರ 2

ಬರೆಯುವುದಕ್ಕಿಂತ ಕಂಡುಹಿಡಿಯುವುದೇ ಕಷ್ಟದ ಕೆಲಸ, ಅದರಲ್ಲಿ ಔಷಧ ವಿಭಾಗದವರಿಗೆ ಇರುವ ಅನುಕೂಲ ಬೇರೆ ಯಾರಿಗೂ ಇಲ್ಲ. ಬೆಳಿಗ್ಗೆ ಆ್ಯಂಟಿಬಯಾಟಿಕ್ ತರಿಸಿಕೊಂಡ ವಾರ್ಡಿನಿಂದ ಅರ್ಧ ಗಂಟೆಯೊಳಗೆ ಅದೇ ರೋಗಿಯ ಹೆಸರಿನಲ್ಲಿ ಅಲರ್ಜಿ ತಗ್ಗಿಸುವ ಹೈಡ್ರೊಕಾರ್ಟಿಸೋನ್, ಕ್ಲೋರ್‌ಫೆನಿರಮೈನ್ ಇಂಜೆಕ್ಷನ್‌ಗಳ ಚೀಟಿ ಬಂದರೆ ಅಲ್ಲಿ ಏನೋ ಆಗಿದೆಯೆಂದೇ ಅರ್ಥ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿರುವವರಿಗೆ ಅದರ ಪರಿಣಾಮ ತಗ್ಗಿಸುವ ವಿಟಮಿನ್ ಕೆ, ನೋವಿಗೆ ಮಾರ್ಫಿನ್ ಪಡೆದವರಿಗೆ ಅದರ ಪರಿಣಾಮ ತಡೆಯುವ ನಲೊಕ್ಸೋನ್ ಕೇಳಿದರೂ ಹಾಗೆಯೇ. ಕೇಸ್ ಶೀಟಿನಲ್ಲಿ ಕಾರಣ ಬರೆಯದೆ ಗೆರೆ ಎಳೆದು ನಿಲ್ಲಿಸಿದ ಔಷಧವೂ ಅಂಥದ್ದೇ. ಆ ಚೀಟಿ ಕೈಗೆ ಬಂದ ಕೂಡಲೇ ವಾರ್ಡಿಗೆ ಹೋಗಿ ಎರಡು ಪ್ರಶ್ನೆ ಕೇಳಿದರೆ, ಸಂಜೆ ಯಾರಿಗೂ ನೆನಪಿರದ ವೇಳೆ, ಪ್ರಮಾಣಗಳೆಲ್ಲ ಸಿಗುತ್ತವೆ. ಲಸಿಕೆ ಮತ್ತು ಜೈವಿಕ ಔಷಧಗಳಾದರೆ ಬಾಟಲಿಯನ್ನು ಎಸೆಯುವ ಮುನ್ನ ಬ್ಯಾಚ್ ಸಂಖ್ಯೆಯನ್ನು ಬರೆದುಕೊಳ್ಳಿ.

ಉತ್ತರ 3

ನಾನು ವೈದ್ಯ. ವರದಿ ಮಾಡಬೇಕೆಂಬುದರಲ್ಲಿ ನನ್ನ ತಕರಾರಿಲ್ಲ, ಹೇಗೆ ಬರೆಯುತ್ತಾರೆಂಬುದರಲ್ಲಿದೆ. ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಅನ್ನು ರಕ್ತನಾಳಕ್ಕೆ ಅವಸರವಾಗಿ ಹರಿಸಿದಾಗ ಮುಖ, ಕುತ್ತಿಗೆ ಕೆಂಪಾಗುವುದು ಸಾಮಾನ್ಯವಾಗಿ ನಿಜವಾದ ಅಲರ್ಜಿಯಲ್ಲ. ವೇಗ ತಗ್ಗಿಸಿದರೆ ಹೆಚ್ಚಿನವರಿಗೆ ಅದನ್ನು ಮುಂದುವರಿಸಬಹುದು. ಅಂಥವರ ಕೇಸ್ ಶೀಟಿನ ಮೇಲೆ ಅಲರ್ಜಿ ಎಂದು ಒಮ್ಮೆ ಬರೆದುಬಿಟ್ಟರೆ, ಮುಂದೆ ಅದೇ ಔಷಧ ಬೇಕಾದಾಗಲೂ ಅವರಿಗೆ ಸಿಗುವುದಿಲ್ಲ. ಆದ್ದರಿಂದ ತೀರ್ಪಿಗಿಂತ ಕಂಡದ್ದನ್ನು ಬರೆಯಿರಿ: ಎಷ್ಟು ಹೊತ್ತಿನಲ್ಲಿ ಹರಿಸಿದರು, ಯಾವಾಗ ಕಾಣಿಸಿತು, ನಿಲ್ಲಿಸಿದ ಮೇಲೆ ಏನಾಯಿತು. ಕಳಿಸುವ ಮುನ್ನ ನನಗೊಂದು ಮಾತು ತಿಳಿಸಿದರೆ ಸಾಕು, ಅನುಮತಿಯನ್ನೇನೂ ಕೇಳಬೇಕಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಹಾಗಾದರೆ ಅನುಮಾನದ ಔಷಧ ಎಂಬಲ್ಲಿ ಯಾವುದನ್ನು ಬರೆಯಲಿ?

ಉತ್ತರ 2

ಕಾರ್ಬಮಜೆಪಿನ್, ಅಮಾಕ್ಸಿಸಿಲಿನ್ ಎರಡನ್ನೂ ಬರೆಯಿರಿ, ಪ್ರತಿಯೊಂದಕ್ಕೂ ಆರಂಭಿಸಿದ ಮತ್ತು ನಿಲ್ಲಿಸಿದ ದಿನಾಂಕ ಇರಲಿ, ಉಳಿದ ಔಷಧಗಳು ಜೊತೆಯ ಔಷಧಗಳ ಪಟ್ಟಿಯಲ್ಲಿರಲಿ. ಇದಕ್ಕಿಂತ ತುರ್ತಿನದು ಇನ್ನೊಂದಿದೆ. ಬಾಯಿ ಅಥವಾ ಕಣ್ಣಿನಲ್ಲಿ ಹುಣ್ಣು, ಚರ್ಮದ ಮೇಲೆ ಗುಳ್ಳೆ, ಮುಖದ ಊತ ಇದೆಯೇ ಎಂದು ಈಗಲೇ ವಾರ್ಡಿನಲ್ಲಿ ವಿಚಾರಿಸಿ. ಇದ್ದರೆ ಅದು ಚರ್ಮ ಸುಲಿಯುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್‌ನಂಥ ಗಂಭೀರ ಪ್ರತಿಕ್ರಿಯೆಯಾಗಿರಬಹುದು. ಕಾರ್ಬಮಜೆಪಿನ್‌ಗೆ ಹೀಗಾದವರಲ್ಲಿ ಫಿಟ್ಸ್‌ನ ಇತರ ಔಷಧಗಳಾದ ಫೆನಿಟಾಯಿನ್, ಫಿನೊಬಾರ್ಬಿಟಲ್ ಕೂಡ ಅದನ್ನೇ ಮರುಕಳಿಸಬಲ್ಲವು. ಬದಲಿ ಮಾತ್ರೆಯ ಚೀಟಿ ಬಂದಾಗ ಅದರಲ್ಲಿ ಈ ಹೆಸರುಗಳಿದ್ದರೆ, ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ.