ಕ್ವಾರಿ ಮೆಸೇಜಿಗೆ ಮನೆ ಗುಂಪಲ್ಲಿ ಗಲಾಟೆ

ಅತ್ತೆ, ಗುಡಿಬಂಡೆ: *(ಫಾರ್ವರ್ಡ್)* ಎಚ್ಚರ! ಕಲ್ಲು ಕ್ವಾರಿಯಲ್ಲಿ ಒಂದು ಸಲ ಬಂಡೆ ಸಿಡಿಸಿದರೆ 25 ಕಿ.ಮೀ. ಸುತ್ತ ಬೋರ್‌ವೆಲ್ ಬತ್ತುತ್ತೆ!! ಎಲ್ಲರಿಗೂ ಕಳಿಸಿ.
ನಾನು ಇದನ್ನೇ ಬಡ್ಕೊಳ್ತಾ ಇದ್ದದ್ದು.

ಅಣ್ಣ, ಬೆಂಗಳೂರು: ಯಾರು ಬರೆದದ್ದು ಅತ್ತೆ? ತಾರೀಕಿಲ್ಲ, ಊರಿನ ಹೆಸರಿಲ್ಲ. 25 ಕಿ.ಮೀ. ಅಂದರೆ ಬಾಗೇಪಲ್ಲಿನೂ ದಾಟುತ್ತೆ.

ಅತ್ತೆ: ಸಾಕ್ಷಿ ಬೇಕಾ? ಬಂದು ನಮ್ಮ ಮೋಟಾರ್ ಹಾಕಿ ನೋಡು. ಅರ್ಧ ಗಂಟೆಗೆ ಗಾಳಿ ಉಗುಳುತ್ತೆ.

ದೊಡ್ಡಪ್ಪ: ನಾವು ಊರೆಲ್ಲ ಸೇರಿ ಕೆರೆ ಹೂಳು ಎತ್ತುತ್ತಿದ್ದೆವು. ನೀವು 1200 ಅಡಿ ಕೊರೆಸಿದಿರಿ. ಭೂಮಿತಾಯಿ ಎಷ್ಟೂಂತ ಕೊಡ್ತಾಳೆ?

ಭಾವ: ಮಾವ, ಆ ತೋಟದ ಬಾವಿ! ತಳ ಮುಟ್ಟಿ ಮಣ್ಣು ತಂದವನಿಗೆ ಅಜ್ಜಿ ಹಲಸಿನ ತೊಳೆ ಕೊಡ್ತಿದ್ದರು. ಫೋಟೊ ಇದೆಯಾ ಯಾರ ಹತ್ರನಾದ್ರೂ?

ಅತ್ತೆ: ಫೋಟೊ ಆಮೇಲೆ. ಕ್ವಾರಿ ಲಾರಿಗೆ ಹೊಲದಲ್ಲಿ ದಾರಿ ಬಿಟ್ಟವರು ಯಾರು? ಅದನ್ನು ಕೇಳಿ.

ಚಿಕ್ಕಪ್ಪ: ನೇರವಾಗಿ ನನ್ನ ಹೆಸರೇ ಹೇಳಕ್ಕ. ಮಗಳ ಮದುವೆ ಸಾಲಕ್ಕೆ ಬಿಟ್ಟೆ. ಆವಾಗ ಒಬ್ಬರೂ ಫೋನ್ ಎತ್ತಲಿಲ್ಲ.

ಅಣ್ಣ: ವಿಷಯಕ್ಕೆ ಬನ್ನಿ.

ದೊಡ್ಡಪ್ಪ: ನೀನು ಮೊದಲು ಪಂಪ್ ರಿಪೇರಿ ದುಡ್ಡಲ್ಲಿ ನಿನ್ನ ಪಾಲು ಕೊಡು, ಆಮೇಲೆ ವಿಷಯ.

ನಾನು: ಸ್ವಲ್ಪ ತಡೀರಿ. 25 ಕಿ.ಮೀ. ಸುಳ್ಳು, ಅಣ್ಣ ಹೇಳಿದ್ದು ಸರಿ. ಆದರೆ ಅತ್ತೆ ಭಯ ಸುಳ್ಳಲ್ಲ. ನಮ್ಮದು ಗಟ್ಟಿ ಬಂಡೆ ನೆಲ. ನೀರು ಇರೋದು ಮೇಲಿನ ಸವೆದ ಪದರದಲ್ಲಿ, ಬಂಡೆಯ ಬಿರುಕಿನಲ್ಲಿ. ಕ್ವಾರಿ ಗುಂಡಿ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿದರೆ ಸುತ್ತಲಿನ ನೀರು ಅಲ್ಲಿಗೆ ಜಿನುಗುತ್ತೆ. ಕೆಲಸ ನಡೀಬೇಕು ಅಂತ ಅವರು ಅದನ್ನು ಪಂಪ್ ಮಾಡಿ ಹೊರಗೆ ಬಿಡ್ತಾರೆ. ಆಗ ಹತ್ತಿರದ ಬೋರ್‌ಗಳು ಸೊರಗುತ್ತವೆ. ಎಷ್ಟು ದೂರ ಅನ್ನೋದು ಬಿರುಕು ಹೇಗೆ ಹರಿದಿದೆ ಅನ್ನೋದರ ಮೇಲೆ. ನಾವೇ ಕೊರೆಸಿ ಬರಿದು ಮಾಡಿದ್ದೂ ಇದೆ, ದೊಡ್ಡಪ್ಪ ಹೇಳಿದ್ದು ನಿಜ. ಬರೀ ನೀರಲ್ಲ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿಳಿ ಧೂಳು ನೋಡಿದ್ದೀರಲ್ವಾ? ತೊಳೆದು ಒಣಗಿಸಿ ರೇಷ್ಮೆ ಹುಳಕ್ಕೆ ಹಾಕಬೇಕು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಮರೆತಿರಾ? 2021ರ ಫೆಬ್ರವರಿಯಲ್ಲಿ ಅಲ್ಲಿ ಬಂಡೆ ಒಡೆಯೋ ಜಿಲೆಟಿನ್ ಕಡ್ಡಿ ಸಿಡಿದು 6 ಜನ ಹೋದರು.
ಪರಿಸರ ಅನುಮತಿ ಪತ್ರದಲ್ಲಿ ಅಂತರ್ಜಲ ಮುಟ್ಟಬಾರದು ಅಂತ ಸಾಮಾನ್ಯವಾಗಿ ಷರತ್ತು ಇರುತ್ತೆ. ಮಾಹಿತಿ ಹಕ್ಕಿನಲ್ಲಿ ಆ ಪತ್ರ ಕೇಳೋಣ. ನಮ್ಮ ಬೋರ್‌ಗಳ ನೀರಿನ ಮಟ್ಟ ವಾರಕ್ಕೊಮ್ಮೆ ಅಳೆದು ತಾರೀಕು ಸಮೇತ ಬರೆದಿಡೋಣ. ಈ ಫಾರ್ವರ್ಡ್ ಹಿಡ್ಕೊಂಡು ಹೋದರೆ ಅಧಿಕಾರಿಗಳು ಒಂದೇ ಮಾತಲ್ಲಿ ತಳ್ಳಿಹಾಕ್ತಾರೆ.

ಅತ್ತೆ: ಇಷ್ಟುದ್ದ ಯಾರು ಓದ್ತಾರೆ? ನನ್ನದು ಸುಳ್ಳು ಅಂದೆಯಲ್ಲ, ಅಷ್ಟು ಗೊತ್ತಾಯ್ತು.

ಅಣ್ಣ: ನಾನು ಹೇಳಿದ್ದು ಸರಿ ಅಂತಲೂ ಬರೆದಿದ್ದಾನೆ.

ದೊಡ್ಡಪ್ಪ: ಅಳತೆ ಬರೆದಿಡೋದು ಒಳ್ಳೇದು. ಕಟ್ಟಿನ ನೋಟ್‌ಬುಕ್ ನನ್ನ ಹತ್ರ ಇದೆ.

ಚಿಕ್ಕಪ್ಪ: ರಾತ್ರಿ ಹೊತ್ತು ಗುಂಡಿ ನೀರು ಎತ್ತಿ ಬಿಡ್ತಾರೆ. ನಾನೇ ನೋಡಿದ್ದೇನೆ. ಅರ್ಜಿಗೆ ಮಾತ್ರ ನನ್ನ ಸಹಿ ಕೇಳಬೇಡಿ.

ಅತ್ತೆ: ಕೇಳಿದಿರಾ ಎಲ್ಲರೂ?

ನಾನು: ಅತ್ತೆ, ದಯವಿಟ್ಟು ಸುಮ್ನಿರಿ. ಚಿಕ್ಕಪ್ಪ, ಸಹಿ ಬೇಡ. ಯಾವ ಕಡೆ ಬಿಡ್ತಾರೆ, ಎಷ್ಟು ಗಂಟೆಗೆ, ಅಷ್ಟು ಹೇಳಿ.